ಉಂಡಿಯ ಜಳಕ

ಶವಪೆಟ್ಟಿಗೆ ಇಟ್ಟಿದ್ದ ಬೆಂಚಿನ ಕೆಳಗೆ ನುಸುಳಿದ್ದ ನಾಯಿಮರಿಯನ್ನು ಏಂಜಲಿನಾ ಹಿಂಗಾಲು ಹಿಡಿದು ಎಳೆಯುತ್ತಿದ್ದಳು. ಪೆಟ್ಟಿಗೆಯಲ್ಲಿ ಅವಳ ತಾಯಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಾರ್ಗರೆಟ, ಬಿಳಿ ಸೀರೆಯುಟ್ಟು ಮಲಗಿದ್ದಳು.

“ಎಳೀಬ್ಯಾಡವ್ವ, ಕಾಲು ಉಳುಕ್ತದ,” ಎಂದರು ತಂದೆ ಯೇಸುದಾಸ ಮಾಸ್ತರರು.

“ಪಾಸ್ಟರ್ ಬರೋ ಹೊತ್ತಾತಪ್ಪ. ಇದರ ಮೈ ನೋಡ್ರಿ, ಬರೇ ಕಜ್ಜಿ.” ಅವಳು ಮರಿಯನ್ನು ಹೊರಗೆಳೆದು ನೆರೆಮನೆಯ ಮಕ್ಬೂಲನ ಕಡೆ ತಿರುಗಿದಳು. “ಕಾಕಾ, ಸಂಜಿಕ ಖಟಕ ಚಿಂಚೋಳಿ ಊರಿಗಿ ಹೋಗ್ತೀರಲ್ಲ, ಇದಕ್ಕ ನಿಮ್ಮ ಹೊಲಕ್ಕ ಒಯ್ರಿ. ವಾರಕ್ಕೊಮ್ಮೆ ಔಷಧ ಹಾಕಿ ಜಳಕ ಮಾಡಿಸಬೇಕು. ನಾ ದಿನಾ ಬೀದರಿಗಿ ನೌಕರಿಗಿ ಹೋಗಾಕಿ. ಅಪ್ಪನ ಕೈಯಾಗ ತಂಬಿಗಿ ಕಂಡರ ಇದು ಓಡ್ತದ.”

“ಹೊಲಕ್ಕಾದರ ಒಯ್ತೇನಿ. ಮನಿಗಿ ಒಯ್ದರ ನನ್ನ ಹೇಣ್ತಿ ಗುಲಶನ ನನಗೂ ಹೊರಗ ಹಾಕ್ತಾಳ,” ಎಂದ ಮಕ್ಬೂಲ.

ಯೇಸುದಾಸರು ಪೆಟ್ಟಿಗೆಯ ಕಡೆ ನೋಡಿದರು. ಹೆಂಡತಿಯನ್ನು ಕಳಿಸುವ ದಿನವೇ ಈ ಜೀವವನ್ನೂ ಕಳಿಸಬೇಕೆ ಎಂದುಕೊಂಡರು.

ಗೋಡೆಗೆ ಒರಗಿದ್ದ ಓಣಿಯ ಆಮ್ರಪಾಲಿ ಕಣ್ಣೊರೆಸಿಕೊಂಡಳು. “ನನ್ನ ಮಕ್ಕಳ ಮೊದಲ ಜಳಕ ಮಾರ್ಗರೆಟ ಸಿಸ್ಟರ್ ಕೈಯಾಗೇ ಆಗ್ಯಾದ್ರಿ. ಒಂದೂ ಅಳಲಿಲ್ಲ.”

“ನಿನ್ನ ದೊಡ್ಡಾಂವ ಈಗ ನೀರು ಕಂಡರ ಓಡ್ತಾನಲ್ಲ,” ಎಂದಳು ಪಕ್ಕದವಳು.

“ಅವ ಅವರಪ್ಪನಂಗ ಆಗ್ಯಾನ, ತಗೋ.”

ಅಳುತ್ತಿದ್ದವರೂ ನಕ್ಕರು.

*

ಭಾಲ್ಕಿಯ ಸ್ಟೇಷನ್ ಹಿಂದಿನ ಗಟಾರಿನಿಂದ ಆ ಮರಿಯನ್ನು ಮಾರ್ಗರೆಟಳೇ ಎತ್ತಿ ತಂದಿದ್ದಳು. ದುಂಡಗಿದ್ದುದರಿಂದ ಉಂಡಿ ಎಂದು ಹೆಸರಿಟ್ಟಳು. ಮೊದಲ ಭಾನುವಾರ ಜಳಕ ಮಾಡಿಸಹೋದ ಯೇಸುದಾಸರು, ಚರ್ಚಿಗೆ ಹೊತ್ತಾಯಿತೆಂದು ಅದರ ಮೇಲೆ ಒಂದೇ ಸಲಕ್ಕೆ ತುಂಬಿದ ಬಕೆಟ್ ಸುರಿದರು. ಉಂಡಿ ಜೋಳದ ಚೀಲಗಳ ಹಿಂದೆ ಸೇರಿ ಸಂಜೆಯವರೆಗೂ ಹೊರಬರಲಿಲ್ಲ.

ಮಾರ್ಗರೆಟ ಬೈಯಲಿಲ್ಲ. ಮರುದಿನ ಒಣ ಟಬ್ಬಿನಲ್ಲಿ ರೊಟ್ಟಿಯ ಚೂರು ಇಟ್ಟು ದೂರ ಕುಳಿತಳು. ಉಂಡಿ ಟಬ್ಬಿಗೆ ಹೊಂದಿಕೊಂಡ ಮೇಲೆ ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ಆಮೇಲೆ ಪಾದ ಮುಳುಗುವಷ್ಟು ಉಗುರುಬೆಚ್ಚಗಿನ ನೀರು. ಹೊಟ್ಟೆಯ ಕೆಳಗೆ ಅವಳ ಅಂಗೈ ಸದಾ ಇರುತ್ತಿತ್ತು.

“ಅದಕ್ಕ ಸಾಕಾತಂತ ನಿನಗ ಹ್ಯಾಂಗ ತಿಳೀತದ?” ಟವೆಲ್ ಹಿಡಿದು ನಿಂತ ಯೇಸುದಾಸರು ಕೇಳಿದ್ದರು.

“ಕಿವಿ ನೋಡ್ರಿ. ಹಿಂದಕ್ಕ ಹೋದ್ವು ಅಂದ್ರ ಬಿಡಬೇಕು. ಅರ್ಧ ಜಳಕ ಆದ್ರೂ ನಡೀತದ. ದೇವರೇನು ಹಾಜರಿ ತಗೋತಾನೇನ್ರಿ?”

*

ಮಣ್ಣು ಕೊಟ್ಟು ಬಂದವರಿಗೆಲ್ಲ ಬಾಗಿಲ ಬಳಿ ನೀರು ಇಟ್ಟಿದ್ದರು. ಕಾಲು ತೊಳೆದು ಒಬ್ಬೊಬ್ಬರೇ ಒಳಗೆ ಹೋದರು. ಕಟ್ಟಿದ ಹಗ್ಗ ಬಿಡಿಸಿಕೊಂಡು ಸಮಾಧಿಯವರೆಗೂ ಬಂದಿದ್ದ ಉಂಡಿ, ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಅಂಗಳದಲ್ಲಿ ನಿಂತಿತ್ತು. ಮಕ್ಬೂಲ ಗೋಣಿಚೀಲ ತಂದ.

“ಒಂದ್ ಸಲ ನೋಡ್ತೇನಿ, ತಡಿ,” ಎಂದರು ಯೇಸುದಾಸರು.

ಟಬ್ಬಿಗೆ ಬೆಚ್ಚಗಿನ ನೀರು ಹಾಕಿ ಮರಿಯನ್ನು ಹತ್ತಿರ ತಂದರು. ಅದರ ಕಿವಿಗಳು ಹಿಂದಕ್ಕೆ ಹೋದವು. ಕೂಡಲೇ ಕೈಬಿಟ್ಟರು. ಉಂಡಿ ಓಡಿ ಗೋಡೆಯ ಮೂಲೆ ಸೇರಿತು.

“ನೋಡಿದ್ರಿಲ್ಲಪ್ಪ? ಆಗೂದಿಲ್ಲ ಬಿಡ್ರಿ,” ಎಂದಳು ಏಂಜಲಿನಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಯೇಸುದಾಸರಿಗೆ ದಣಿವಾಗಿತ್ತು. ಕಲ್ಲಿನ ಮೇಲೆ ಕುಳಿತರು. ತಾವಿನ್ನೂ ಕಾಲು ತೊಳೆದಿಲ್ಲವೆಂದು ಆಗ ನೆನಪಾಗಿ, ಎರಡೂ ಕಾಲುಗಳನ್ನು ಅದೇ ಟಬ್ಬಿನಲ್ಲಿ ಇಳಿಬಿಟ್ಟರು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪ್ರಾರ್ಥಿಸತೊಡಗಿದರು. ಇಂಥದು ಬೇಕೆಂದು ಕೇಳಲಿಲ್ಲ. ಇಷ್ಟು ವರ್ಷ ಆಕೆಯನ್ನು ಜೊತೆಗಿಟ್ಟದ್ದಕ್ಕೆ ಸ್ತೋತ್ರ ಹೇಳಿದರು.

ಪಾದದ ಮೇಲೆ ಏನೋ ಮೆತ್ತಗೆ ಊರಿತು. ಕಣ್ಣು ತೆರೆದರೆ ಉಂಡಿಯ ಮುಂಗಾಲು. ತುಸು ಹೊತ್ತಿಗೆ ಇನ್ನೊಂದು. ಆಮೇಲೆ ಇಡೀ ಮರಿಯೇ ಒಳಗಿಳಿದು ಅವರ ಪಾದಗಳ ಮೇಲೆ ನಿಂತಿತು. ಯೇಸುದಾಸರು ಮುಂದಕ್ಕೆ ಬಾಗಿದರು. ಮೆಲ್ಲಗೆ ಅಂಗೈಯನ್ನು ಅದರ ಹೊಟ್ಟೆಯ ಕೆಳಗೆ ತಂದರು.

“ಕಾಕಾ, ನೀವು ಹೊಂಡ್ರಿ. ಬಸ್ಸು ಹೋಗ್ತದ,” ಎಂದಳು ಏಂಜಲಿನಾ.

“ಚೀಲ?”

“ಅದೂ ಒಯ್ರಿ.”

ಅವಳು ಔಷಧದ ಬಾಟಲಿ ತಂದು ಸೆರಗು ಸಿಕ್ಕಿಸಿ ಕುಳಿತಳು. ಬೊಗಸೆಯಿಂದ ಸ್ವಲ್ಪ ಸ್ವಲ್ಪವೇ ನೀರನ್ನು ಮರಿಯ ಬೆನ್ನಿಗೂ ತಂದೆಯ ಕಾಲಿಗೂ ಬಿಟ್ಟಳು.

“ಮಾಸ್ತರ, ಊಟಕ್ಕ ಬರ್ರಿ,” ಎಂದು ಒಳಗಿನಿಂದ ಯಾರೋ ಕರೆದರು. ಯೇಸುದಾಸರು ಕಾಲು ಅಲುಗಿಸಲಿಲ್ಲ. ಇಬ್ಬರ ಮೈಯ ಮಣ್ಣೂ ಒಂದೇ ನೀರಿನಲ್ಲಿ ಕೆಂಪಗೆ ಬಿಡುತ್ತಿತ್ತು.