ಗೊರಕೆ ನಿಂತ ಮೇಲೆ

ನಮ್ಮನೆಯವರು ಬೆಳಂಬಾರದಲ್ಲಿ ಮೀನಿನ ಬೋಟ್ ಓಡಿಸುತ್ತಾರೆ. ಬೋಟಿನವರ ನಿದ್ದೆಯೇ ಬೇರೆ. ಇಂಜಿನ್ ಗುಡುಗುಡು ಅನ್ನುತ್ತಿದ್ದರೆ ಹಾಯಾಗಿ ಮಲಗುತ್ತಾರೆ, ಸದ್ದು ನಿಂತರೆ ಗಾಬರಿಯಾಗಿ ಎದ್ದು ಕೂರುತ್ತಾರೆ. ನಾನೂ ಬೋಟಿನವರ ಮಗಳೇ. ಮನೆಯಲ್ಲಿ ಇವರ ಗೊರಕೆಯೇ ನನಗೆ ಇಂಜಿನ್. ನಿದ್ದೆಯಲ್ಲಿ ಉಸಿರು ಕಟ್ಟಿ ಗೊರಕೆ ನಿಂತಾಗಲೆಲ್ಲ ಎದ್ದು ಪಕ್ಕೆಗೆ ತಿವಿಯುತ್ತಿದ್ದೆ. ಅದಕ್ಕೆ ಒಂದು ದಿನವೂ ಉಪಕಾರ ಅಂದವರಲ್ಲ.

ಉಸಿರು ಕಟ್ಟುವುದಕ್ಕೆಂದು ಕಾರವಾರದ ಹಲ್ಲಿನ ಡಾಕ್ಟ್ರಮ್ಮನಿಗೆ ತೋರಿಸಿದೆವು. ಅವರು ಇವರ ಬಾಯಿ ನೋಡಿ, ಅಂಗುಳ ಇಕ್ಕಟ್ಟಾಗಿದೆ ಎಂದು ಅಲ್ಲಿಯ ಮೂಳೆಗೇ ಒಂದು ಸ್ಕ್ರೂ ಕೂರಿಸಿದರು. "ದಿನಾ ಈ ಕೀಲಿಯಿಂದ ಸ್ವಲ್ಪ ತಿರುಗಿಸಿ. ಅಂಗುಳ ಅಗಲ ಆಗ್ತದೆ, ಮೂಗಿನ ದಾರಿಯೂ ಬಿಡ್ತದೆ" ಎಂದು ಕೀಲಿ ನನ್ನ ಕೈಗೆ ಕೊಟ್ಟರು. ತಿರುಗಿಸಿದೆ. ಮುಂದಿನ ಹಲ್ಲುಗಳ ನಡುವೆ ಸಂದಿ ಬಿತ್ತು. ಇವರು ಅದರಲ್ಲಿ ಬೀಡಿ ಸಿಕ್ಕಿಸಿಕೊಂಡು ಬಲೆ ಹೊಲಿದರು. ಗೊರಕೆ ಪೂರ್ತಿ ನಿಂತಿತು.

ಮೊನ್ನೆ ತೋರಿಸಲು ಹೋದಾಗ ಇವರು ಡಾಕ್ಟ್ರಮ್ಮನ ಕುರ್ಚಿಯಲ್ಲೇ ತೂಕಡಿಸಿದರು.

"ಉಸಿರಿನ ದಾರಿ ಚೆನ್ನಾಗಿ ಬಿಟ್ಟಿದೆಯಲ್ಲ. ಮತ್ತೆಂತಕ್ಕೆ ನಿದ್ದೆ ಸಾಲ್ತಿಲ್ಲ?" ಎಂದರು ಡಾಕ್ಟ್ರಮ್ಮ.

ಇವರು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಬೆರಳು ತೋರಿಸಿದರು. "ರಾತ್ರಿಯಿಡೀ ತಿವೀತಾಳೆ."

"ಸದ್ದೇ ಇಲ್ವಲ್ರಾ," ಎಂದೆ. "ಜೀವ ಇದ್ಯೋ ಇಲ್ವೋ ನೋಡುದು ಬೇಡ್ವಾ?"