ಬೀಳದ ಗೋಡೆ

ಚೆಂಡುಹೂವಿನ ಹೊಲ, ಮತ್ತೆ ಚೆಂಡುಹೂವು, ಇಷ್ಟೊಂದು ಹಳದಿ ಯಾರಿಗೆ ಬೇಕು, ತೆರಕಣಾಂಬಿ ದಾಟಿದ ಬಸ್ಸಿನ ಕಿಟಕಿಯಲ್ಲಿ ಮಂಗಳಗೌರಿ ಮುಖ ತಿರುಗಿಸಿಕೊಂಡಳು — ಸಿಟ್ಟು ಹೂವಿನ ಮೇಲಲ್ಲ, ಬೆಳಿಗ್ಗೆ ಚಾಮರಾಜನಗರದ ಲಾ ಕಾಲೇಜಿನಲ್ಲಿ ತನ್ನ ಪಾಠದ ನಡುವೆ ಎದ್ದುನಿಂತ ಆ ಹುಡುಗಿಯ ಮೇಲೆ, ಪವಿತ್ರ, ಹಂಗಳದವಳು, ವಯಸ್ಸು ಇಪ್ಪತ್ಮೂರು, ಕೊರಳಲ್ಲಿ ತಾಳಿ, ಆರು ವರ್ಷದ ಮಗ, ಮೊದಲ ವರ್ಷದ ಕಾನೂನು. ಹನ್ನೆರಡು ವರ್ಷದಿಂದ ಪ್ರತಿ ಬ್ಯಾಚಿಗೂ ಹೇಳುತ್ತ ಬಂದ ಕೇಸು, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದರೆ ಹೀಗಿರಬೇಕು, ಗುಂಡ್ಲುಪೇಟೆಯಾಚೆ ಒಂದು ಟ್ರಸ್ಟಿನ ಹಾಸ್ಟೆಲು, ಬಿರುಕು ಬಿಟ್ಟ ಗೋಡೆ, ಕೆಳಗೆ ಮಲಗುವ ಮೂವತ್ತೆರಡು ಹೆಣ್ಣುಮಕ್ಕಳು, ತಾನೇ ಸಲ್ಲಿಸಿದ ಅರ್ಜಿ, ತಾನೇ ಮಾಡಿದ ವಾದ, ಹದಿನೆಂಟು ದಿನಕ್ಕೆ ಮುಚ್ಚಿಸಿದ ಆದೇಶ — ಇಲ್ಲಿಗೆ ಬರುವಾಗ ಪ್ರತಿ ವರ್ಷ ಅವಳ ದನಿ ತುಸು ಏರುತ್ತಿತ್ತು, ಇವತ್ತೂ ಏರಿತ್ತು. ಆಗ ಆ ಹುಡುಗಿ, ಮೇಡಂ, ಆ ಹಾಸ್ಟೆಲಲ್ಲಿ ನಾನಿದ್ದೆ, ಆರನೇ ಕ್ಲಾಸು, ನಿಮ್ಮ ಅರ್ಜಿ ತೆಗ್ಸಿ ಓದ್ದೆ, ನಾಲ್ಕು ಕೋರಿಕೆ ಇದಾವೆ, ಮುಚ್ಚಿದ್ ಮೇಲೆ ನಾವೆಲ್ಲಿಗೋಗ್ಬೇಕು ಅಂತ ಒಂದ್ರಲ್ಲೂ ಇಲ್ಲ. ಎಷ್ಟು ತಣ್ಣಗೆ ಹೇಳಿದಳು, ತಾನು ಕಲಿಸಿದ ಹಾಗೆಯೇ, ದಾಖಲೆ ಕೈಯಲ್ಲಿಟ್ಟುಕೊಂಡು. ಇದು ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ — ಅಂದುಬಿಟ್ಟಳಲ್ಲ ತಾನು, ಮೂವತ್ತು ವರ್ಷ ಕಪ್ಪು ಕೋಟು ತೊಟ್ಟವಳು, ಅರವತ್ತು ಮಕ್ಕಳ ಮುಂದೆ. ಹುಡುಗಿ ಕೂತಳು, ವಾದಿಸಲಿಲ್ಲ, ಅದೇ ಉರಿ. ಓದು ಬಿಡಿಸಿ ಹದಿನಾರಕ್ಕೆ ಮದುವೆ ಮಾಡಿದ್ದು ಅವಳ ಅಪ್ಪ, ತಾನಲ್ಲ, ಹಾಸ್ಟೆಲು ರಿಪೇರಿ ಮಾಡದ್ದು ಟ್ರಸ್ಟು, ತಾನಲ್ಲ, ಗೋಡೆ ಆ ಮಳೆಗಾಲವೇ ಬೀಳುತ್ತಿತ್ತು, ಎಂಜಿನಿಯರರ ವರದಿಯಿತ್ತು, ಬಿದ್ದಿದೆಯೋ ಇಲ್ಲವೋ ನೋಡಿಯೇ ಬಿಡೋಣ ಎಂದು ಊಟವನ್ನೂ ಮಾಡದೆ ಬಸ್ಸು ಹತ್ತಿದ್ದಳು, ಗೆದ್ದ ಮೇಲೆ ಒಮ್ಮೆಯೂ ಹೋಗಿರದ ಜಾಗಕ್ಕೆ.

ಗೋಡೆ ನಿಂತಿತ್ತು. ಬಿರುಕಿನೊಳಗೆ ಅರಳಿ ಗಿಡ ಎದ್ದಿತ್ತು, ಗೋಡೆ ಮಾತ್ರ ನಿಂತೇ ಇತ್ತು, ಎದುರು ವಕೀಲನ ಹಾಗೆ. ಕಾವಲಿನ ದೊಡ್ಡಬೀರಯ್ಯ ಬೀಗದ ಕೈ ಹಿಡಿದು ಬಂದು ಮುಖವನ್ನೇ ನೋಡಿದ, ಗುರುತು ಹಿಡಿದ, ನೀವೇ ಅಲ್ವಾ ಮುಚ್ಚುಸ್ದೋರು, ಏನ್ ನೋಡಕ್ ಬಂದ್ರಿ, ಬಿದ್ದೋಯ್ತಾ ಅಂತ್ವಾ, ಬಿದ್ದಿಲ್ಲ ಕಣವ್ವ. ಬೀಳಬಹುದಿತ್ತು ಎಂದಳು. ಅವನು ಬಾಗಿಲು ತಳ್ಳಿದ — ಬಾವಲಿಯ ನಾತ, ಗಾರೆ ನೆಲ, ಹೌದು ಬೀಳಬಹುದಿತ್ತು, ಬಿದ್ದಿದ್ದರೆ ಮೂವತ್ತೆರಡು ಹೆಣ, ಆಗ ಇದೇ ಹುಡುಗಿ ಎದ್ದುನಿಂತು ಕೇಳಲು ಇರುತ್ತಿದ್ದಳೇ, ನಾಳೆ ಕ್ಲಾಸಿನಲ್ಲಿ ಇದನ್ನೇ ಹೇಳಬೇಕು, ಇದೇ ಸರಿಯಾದ ಉತ್ತರ, ಆದರೆ ಐದನೆಯ ಕೋರಿಕೆ ಬರೆಯಲು ಎಷ್ಟು ಹೊತ್ತು ಬೇಕಿತ್ತು, ಒಂದು ಸಾಲು, ಬದಲಿ ವಸತಿ ಒದಗಿಸತಕ್ಕದ್ದು, ಎರಡು ನಿಮಿಷ, ಅವತ್ತು ಏನು ಅವಸರವಿತ್ತು ತನಗೆ, ಗೆಲ್ಲುವ ಅವಸರವೇ — ಅಷ್ಟರಲ್ಲಿ ಸೊಂಟಕ್ಕೆ ಏನೋ ಚುಚ್ಚಿತು. ಮೊಳೆ. ಟವೆಲು ತೂಗುಹಾಕುವ ಮೊಳೆಗಳು, ಗೋಡೆಯುದ್ದಕ್ಕೂ ಒಂದೇ ಸಾಲು, ಪ್ರತಿಯೊಂದರ ಕೆಳಗೆ ನೀಲಿ ಪೇಂಟಿನಲ್ಲಿ ಒಂದೊಂದು ಹೆಸರು, ಓದಲು ಬಗ್ಗಬೇಕಾಯಿತು, ಬಗ್ಗಿದಳು, ಪವಿತ್ರ ಎಚ್. — ವರದಿಯಿತ್ತು, ಗೋಡೆ ಬೀಳುತ್ತಿತ್ತು, ಮೊಳೆ ಇಷ್ಟು ಕೆಳಗೆ, ಬದಲಿ ವಸತಿ ಕೇಳುವುದು ವಕೀಲರ ಕೆಲಸ, ಇಲ್ಲ, ಟ್ರಸ್ಟಿನ, ಅಷ್ಟೇ ಎತ್ತರವಿದ್ದವೇ ಆ ಮಕ್ಕಳು, ತನ್ನ ಸೊಂಟದ ಮಟ್ಟಕ್ಕೆ ಒಂದು ಮೊಳೆ, ನಾಳೆ ಕ್ಲಾಸಿನಲ್ಲಿ, ಮೊಳೆ