ಬಾಗಿಲ ಹಿಂದಿನ ಉತ್ತರ

"ಇನ್ನೊಂದಿಷ್ಟು ಕೊಬ್ಬರಿ ಎಣ್ಣೆ ಕೊಡೇ," ಎಂದಳು ಶಾಮಲಮ್ಮ. ಅಕ್ಕನ ಎಡಗೈಯ ಎರಡು ಗಾಜಿನ ಬಳೆಗಳು ಹೆಬ್ಬೆರಳಿನ ಬುಡಕ್ಕೆ ಬಂದು ಹಟ ಹಿಡಿದು ನಿಂತಿದ್ದವು. ಬದುಕಿದ್ದಾಗ ಅಕ್ಕಯಮ್ಮನೂ ಹಾಗೆಯೇ, ಒಂದು ಕಡೆ ನಿಂತರೆ ಜಗ್ಗುವ ಹೆಂಗಸಲ್ಲ.

"ಮುತ್ತೈದೆ ಕೈ ಬಳೆ ತೆಗೀಬಾರ್ದು ಕಣಮ್ಮ," ಎಂದಳು ಕಾಲ ಬಳಿ ಕೂತಿದ್ದ ಮುದುಕಿ.

"ತೆಗೀತಿಲ್ಲ ಕಣವ್ವ, ಬದಲಾಯಿಸ್ತಿದೀನಿ. ಬಲಗೈದು ಹಾಗೇ ಇದೆ ನೋಡು. ನನ್ ಮಗ ವೆಂಕಟ್ ಹುತ್ತೂರಿಗೆ ಹೋಗವ್ನೆ, ಹೊಸ ಬಳೆ ತರ್ತಾನೆ. ಈ ಸವೆದ ಬಳೇಲಿ ಕಳಿಸ್ಲಾ ನಮ್ಮಕ್ಕನ್ನ? ಅಯ್ಯೋ ನಾ ತಲ್ಲೀ..." ಶ್ರೀನಿವಾಸಪುರದ ಕಡೆಗೆ ಕೊಟ್ಟ ಹೆಣ್ಣು ಶಾಮಲಮ್ಮ. ಅಳು ಬಂದರೆ ತೆಲುಗೂ ಜೊತೆಗೇ ಬರುತ್ತಿತ್ತು.

ಬಳೆಗಳು ಕೊನೆಗೂ ಜಾರಿದವು. ಅವನ್ನು ಸೆರಗಿನಲ್ಲಿ ಒರೆಸಿ, ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದ ಭಾವ ಚನ್ನರಾಯಪ್ಪನ ಅಂಗೈಗೆ ಹಾಕಿ ಬಂದಳು. ಅವರು ನೋಡಲಿಲ್ಲ. ಮುಷ್ಟಿ ಮಾತ್ರ ಮುಚ್ಚಿಕೊಂಡಿತು.

ಅಕ್ಕಯಮ್ಮನಿಗೆ ಅರವತ್ತನಾಲ್ಕು. ಬೆಳಿಗ್ಗೆ ಡೈರಿಗೆ ಹಾಲು ಹೋಗುವ ಹೊತ್ತಿಗೆ ಎದೆ ಹಿಡಿದುಕೊಂಡು ಕೂತವಳು ಸೊಸೆ ಮುನಿಲಕ್ಷ್ಮಿಯನ್ನು ಕರೆದು, "ಹುಳ ಹಣ್ಣಾದ್ವಾ ನೋಡ್ಕೊಂಡ್ ಬಾ," ಎಂದಿದ್ದಳು. ಮನೆಯ ಪಕ್ಕದ ಉದ್ದನೆಯ ಹುಳದ ಮನೆಯಲ್ಲಿ ಒಂದು ವಾರದಿಂದ ಹಗಲೂ ರಾತ್ರಿ ಜಿಟಿಜಿಟಿ ಮಳೆಯ ಸದ್ದು. ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದು ಅದು. ಮುನಿಲಕ್ಷ್ಮಿ ಬಾಗಿಲು ತೆಗೆದಾಗ ಆ ಮಳೆ ನಿಂತುಹೋಗಿತ್ತು. ಹುಳಗಳು ಹೊನ್ನಿನ ಬಣ್ಣಕ್ಕೆ ತಿರುಗಿ, ಸೊಪ್ಪು ಮರೆತು, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಗೂಡು ಕಟ್ಟುವಷ್ಟು ಹಣ್ಣಾಗಿವೆ ಎಂದು ಹೇಳಲು ಅವಳು ಓಡಿ ಬಂದಳು. ಕೇಳುವವರು ಇರಲಿಲ್ಲ.

ಹತ್ತು ಗಂಟೆಗೆ ಸಮೀಕ್ಷೆಗೆಂದು ಕೋಲಾರದಿಂದ ಸ್ಕೂಟರಿನಲ್ಲಿ ಬಂದ ಪದ್ಮಶ್ರೀ ಬೀದಿಯ ತಿರುವಿನಲ್ಲೇ ತಮಟೆ ಕೇಳಿ ಗಾಡಿ ನಿಲ್ಲಿಸಿದಳು. ಯಾರ ಮನೆ ಎಂದು ಕೇಳಬೇಕಾಗಲಿಲ್ಲ. ಮೊನ್ನೆ ಫೋನಿನಲ್ಲಿ ಅಕ್ಕಯಮ್ಮ, "ಬಾಮ್ಮ, ಈ ಸಲ ಮುಂದೆ ಕೂತ್ಕೊಂಡು ನಿಜ ಹೇಳ್ತೀನಿ," ಎಂದಿದ್ದಳು. ಅವಳು ಹೇಳಿದ್ದರಲ್ಲಿ ಅರ್ಧ ನಡೆದಿತ್ತು. ನಡುಮನೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಮುಂದೆಯೇ ಮಲಗಿದ್ದಳು.

*

ಎಂಟು ವರ್ಷದ ಹಿಂದೆ ಕೋಲಾರದ ಒಂದು ಸಂಸ್ಥೆ ಈ ಸುತ್ತಿನ ಹತ್ತು ಹಳ್ಳಿಗಳಲ್ಲಿ ಹೆಂಗಸರ ಯೋಜನೆ ತಂದಿತು. ಸಂಘ, ಸಭೆ, ಹೆಂಗಸರಿಗೇ ರೇಷ್ಮೆ ತರಬೇತಿ. ಅನುದಾನ ಕೊಡುವವರು ದೂರ ದೇಶದವರು. ನಾಲ್ಕು ವರ್ಷಕ್ಕೊಮ್ಮೆ ಅವರಿಗೆ ಒಂದು ವರದಿ ಬೇಕು: ಈ ಮನೆಗಳಲ್ಲಿ ಗಂಡು ಹೆಣ್ಣಿನ ನಡುವಿನ ಅಂತರ ಕಡಿಮೆಯಾಗಿದೆಯೇ? ಆಗಿದ್ದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದನ್ನು ಅಳೆಯುವುದು ಪದ್ಮಶ್ರೀಯ ಕೆಲಸ. ಯಾವ ಸೇರಿನಲ್ಲಿ ಅಳೆಯಬೇಕೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಮೊದಲ ಸಲ ಬಂದಾಗ ಅವಳಿಗೆ ಇಪ್ಪತ್ತಮೂರು. ಚನ್ನರಾಯಪ್ಪ ಇದೇ ಕುರ್ಚಿಯಲ್ಲಿ ಮೀಸೆ ತೀಡುತ್ತ ಕೂತಿದ್ದರು. ಹೆಂಡತಿಯನ್ನು ಕರೆಯಿರಿ ಎಂದರೆ, "ಅವಳಿಗೇನ್ ಗೊತ್ತಾಗುತ್ತೆ ಮೇಡಂ, ನನ್ನನ್ನ ಕೇಳಿ," ಎಂದರು.

ಕೇಳಿದಳು. ಪ್ರತಿ ಪ್ರಶ್ನೆಗೂ ಅವರು ತಲೆಯನ್ನು ಒಂದು ಗೇಣು ಬಾಗಿಲ ಕಡೆ ವಾಲಿಸುತ್ತಿದ್ದರು. ಆಮೇಲೆ ಉತ್ತರ. ಕಿವಿ ಮಂದ ಇರಬೇಕು ಎಂದುಕೊಂಡಳು ಪದ್ಮಶ್ರೀ. ಐದಾರು ಪ್ರಶ್ನೆ ದಾಟಿದ ಮೇಲೆ ಅವಳಿಗೂ ಕೇಳಿಸಿತು. ಬಾಗಿಲ ಹಿಂದೆ ಬಳೆ ಸದ್ದು. ಒಂದು ಸಲ ಘಲ್ ಎಂದರೆ ಹೌದು, ಎರಡು ಸಲವಾದರೆ ಇಲ್ಲ.

"ಹಸು ಮಾರಬೇಕಾದ್ರೆ ನೀವೇ ತೀರ್ಮಾನ ಮಾಡ್ತೀರಾ?"

ತಲೆ ವಾಲಿತು. ಘಲ್. "ನಾನೇ."

"ಮಕ್ಕಳನ್ನ ಓದಿಸೋದು, ಮದುವೆ?"

ಘಲ್. "ಅದೂ ನಾನೇ."

ಇಪ್ಪತ್ತೇಳನೇ ಪ್ರಶ್ನೆ: ಒಟ್ಟಾರೆ, ಈ ಮನೆಯಲ್ಲಿ ನಿರ್ಧಾರ ಯಾರದು?

ಈ ಸಲ ತಲೆ ಸ್ವಲ್ಪ ಹೆಚ್ಚೇ ವಾಲಿತು. ಬಾಗಿಲ ಹಿಂದೆ ಯಾರೋ ನಗು ತಡೆದುಕೊಂಡಂತಾಯಿತು. ಘಲ್.

"ನಂದೇ!" ಎಂದರು ಚನ್ನರಾಯಪ್ಪ, ಎದೆಯುಬ್ಬಿಸಿ.

ನೀರು ಕೇಳುವ ನೆಪದಲ್ಲಿ ಪದ್ಮಶ್ರೀ ಒಳಗೆ ಇಣುಕಿದಳು. ಅಕ್ಕಯಮ್ಮ ಬಾಗಿಲ ಹಿಂದೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇವಳನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಫಾರಂನಲ್ಲಿ ಇದ್ದದ್ದು ಗಂಡ, ಹೆಂಡತಿ, ಇಬ್ಬರೂ, ಇತರರು ಎಂಬ ನಾಲ್ಕೇ ಚೌಕ. ಬಳೆಗೆ ಜಾಗವಿರಲಿಲ್ಲ. ಪದ್ಮಶ್ರೀ 'ಗಂಡ' ಎಂದು ಗುರುತು ಹಾಕಿದಳು.

*

"ಸೂತಕದ ಕೈ ಹುಳಕ್ಕೆ ತಾಗಬಾರ್ದು," ಎನ್ನುತ್ತಿದ್ದರು ಚನ್ನರಾಯಪ್ಪನ ಅಣ್ಣ ಮುನಿಕೃಷ್ಣಪ್ಪ. ಮಧ್ಯಾಹ್ನ ಹನ್ನೆರಡಾಗಿತ್ತು. "ಹೋದ್ರೆ ಹೋಗ್ಲಿ ಬಿಡು. ಹೆಣ ಒಳಗಿದೆ, ನಿಮಗೆ ಹುಳದ ಚಿಂತೆ."

ಮುನಿಲಕ್ಷ್ಮಿ ಕಣ್ಣೊರೆಸಿಕೊಂಡು ಹೊಸಿಲಿಗೆ ಬಂದಿದ್ದಳು. "ದೊಡ್ಡಮಾವ, ಹಣ್ಣಾದ ಹುಳ ಸಂಜೆ ತನಕ ಕಾಯಲ್ಲ. ಚಂದ್ರಿಕೆ ಮೇಲೆ ಬಿಡದೇ ಹೋದ್ರೆ ಕಸದಲ್ಲೇ ಗೂಡು ಕಟ್ತಾವೆ, ಎಲ್ಲ ಹಾಳು. ಅತ್ತೆ ಇಪ್ಪತ್ತೈದು ದಿವಸ ನಿದ್ದೆ ಕೆಟ್ಟವ್ರೆ. ಕೊನೇ ಮಾತೂ ಅದೇ."

"ನಾವ್ ಇದೀವಲ್ಲಪ್ಪ," ಎಂದಳು ಸಂಘದ ಮುನಿಶಾಮಮ್ಮ. "ನಮಗೆ ಸೂತಕ ಇಲ್ಲ. ತಲೆಗೆ ನೀರು ಹಾಕ್ಕೊಂಡು ಒಳಗೆ ಹೋಗ್ತೀವಿ. ಆದ್ರೆ ಮನೆಯವರು ಹೂಂ ಅನ್ನದೆ ಇನ್ನೊಬ್ಬರ ಹುಳದ ಮನೆಗೆ ಕಾಲಿಡಾಕಾಗಲ್ಲ."

"ಏನ್ಲಾ ಚನ್ನ, ನೀನೇ ಯಜಮಾನ. ಹೇಳು," ಎಂದರು ಮುನಿಕೃಷ್ಣಪ್ಪ.

ಎಲ್ಲರೂ ಚನ್ನರಾಯಪ್ಪನ ಕಡೆ ನೋಡಿದರು. ಅವರು ಮೆಲ್ಲಗೆ, ನಲವತ್ತು ವರ್ಷದಿಂದ ಮಾಡಿಕೊಂಡು ಬಂದ ಹಾಗೆ, ತಲೆಯನ್ನು ಒಂದು ಗೇಣು ಬಾಗಿಲ ಕಡೆ ವಾಲಿಸಿ ಕಾದರು.

ದುಃಖಕ್ಕೆ ತಲೆ ತಿರುಗಿರಬೇಕೆಂದು ಯಾರೋ ನೀರು ತರಲು ಎದ್ದರು. ಪದ್ಮಶ್ರೀಗೆ ಮಾತ್ರ ಅರ್ಥವಾಯಿತು. ಬಳೆ ಸದ್ದು ಇನ್ನೆಲ್ಲಿಂದ ಬರಬೇಕು?

ಒಳಗೆ ಶಾಮಲಮ್ಮ ಹೊಸ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿ, ಕೊನೆಯದು ಕೂತಿತೆಂದು ಅಕ್ಕನ ಕೈ ಬಿಟ್ಟಳು. ಕೈ ಇವಳ ತೊಡೆಯಿಂದ ಜಾರಿ ನೆಲಕ್ಕೆ ತಾಗಿತು.

ಘಲ್.

ಒಂದೇ ಸಲ. ಚನ್ನರಾಯಪ್ಪ ನೆಟ್ಟಗೆ ಕೂತರು. ಅವರ ಮುಖದಲ್ಲಿ ಬೆಳಗಿನಿಂದ ಇಲ್ಲದ ಒಂದು ಕಳೆ ಬಂತು.

"ಚಂದ್ರಿಕೆಗೆ ಹುಳ ಬಿಡ್ರಮ್ಮ," ಎಂದರು. "ಆ ಕಡೆ ಊದುಬತ್ತಿ ಹೊಗೆ ಹೋಗ್ದಂಗೆ ನೋಡ್ಕೊಳ್ಳಿ."

*

ತೊಟ್ಟಿಯ ಹತ್ತಿರ ತಲೆಗೆ ನೀರು ಸುರಿದುಕೊಂಡು ಒಳಗೆ ಹೋದ ಏಳು ಹೆಂಗಸರಲ್ಲಿ ಪದ್ಮಶ್ರೀಯೂ ಒಬ್ಬಳು. ಸೂತಕದ ಮುನಿಲಕ್ಷ್ಮಿ ಕಿಟಕಿಯ ಸೊಳ್ಳೆ ಪರದೆಯ ಆಚೆ ನಿಂತು ಹೇಳುತ್ತಿದ್ದಳು. "ಆ ಮೂಲೇದು ಮೊದ್ಲು ಎತ್ತಿ. ಹಸಿರಿರೋದನ್ನ ಬಿಡಿ, ಅದಿನ್ನೂ ತಿನ್ನುತ್ತೆ. ಒತ್ತಾಗಿ ಬಿಡಬೇಡಿ ಅಕ್ಕ, ಜಾಗ ಇರ್ಲಿ." ಹೇಳುತ್ತ ಹೇಳುತ್ತ ಅವಳ ದನಿ ಅತ್ತೆಯ ದನಿಯೇ ಆಗುತ್ತಿತ್ತು.

ಪದ್ಮಶ್ರೀಯ ಅಂಗೈಯಲ್ಲಿ ಹುಳಗಳು ತಣ್ಣಗಿದ್ದವು, ಮಗುವಿನ ಬೆರಳಿನಷ್ಟು ಮೃದು. ಗೂಡು ಕಟ್ಟಿಸುವ ಚಂದ್ರಿಕೆ ತಟ್ಟೆಯ ಬಿದಿರು ಸುರುಳಿಗಳ ನಡುವೆ ಬಿಟ್ಟ ಕೂಡಲೇ ತಲೆ ಆಡಿಸಿ, ಆಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಹಾಕತೊಡಗಿದವು. ಹೊರಗೆ ತಮಟೆ ಜೋರಾಯಿತು. ಪರದೆಯ ಆಚೆ ಚಟ್ಟ ಹಾದುಹೋಯಿತು, ಮಂಜಿನಲ್ಲಿ ಹೋದ ಹಾಗೆ, ಹೂವು, ಹಸಿರು ಬಳೆ, ಒಂದು ಬದಿಯ ಮುಖ. ಒಳಗಿದ್ದವರು ಕೈ ತುಂಬ ಹುಳ ಹಿಡಿದುಕೊಂಡೇ ನಿಂತು ನೋಡಿದರು. ಕೈ ಮುಗಿಯಲು ಯಾರಿಗೂ ಕೈ ಬಿಡುವಿರಲಿಲ್ಲ.

ತಮಟೆ ಹಿಪ್ಪುನೇರಳೆ ತೋಟದ ಅಂಚಿನವರೆಗೆ ಹೋಗಿ ನಿಂತಿತು. ಅಕ್ಕಯಮ್ಮನಿಗೆ ಅಲ್ಲೇ ಮಣ್ಣು.

*

ನಾಲ್ಕು ವರ್ಷದ ಹಿಂದಿನ ಎರಡನೇ ಸಮೀಕ್ಷೆ ನಗೆಪಾಟಲಾಗಿತ್ತು. ಪದ್ಮಶ್ರೀ ಬರುವ ಹಿಂದಿನ ದಿನ ಯಾರೋ ಸಂಘದಲ್ಲಿ ಹೇಳಿಕೊಟ್ಟಿದ್ದರು, 'ಇಬ್ಬರೂ ಸೇರಿ' ಅನ್ನಿ, ಯೋಜನೆ ಉಳಿಯುತ್ತೆ. ಮೂವತ್ತು ಮನೆಯ ಮೂವತ್ತು ಹೆಂಗಸರೂ ಮಗ್ಗಿ ಒಪ್ಪಿಸಿದ ಹಾಗೆ ಒಂದೇ ರಾಗದಲ್ಲಿ 'ಇಬ್ಬರೂ ಸೇರಿ' ಎಂದರು. ಅಕ್ಕಯಮ್ಮನೂ ಬಾಗಿಲಿಗೆ ಅರ್ಧ ಮರೆಯಾಗಿ ನಿಂತು ಅದನ್ನೇ ಹೇಳಿದಳು.

ಹೊರಡುವಾಗ ಸ್ಕೂಟರಿನವರೆಗೂ ಬಂದಳು.

"ಸುಳ್ಳು ಹೇಳ್ದೆ ಕಣಮ್ಮ. ನಿನ್ ಕೆಲಸಕ್ಕೆ ತೊಂದ್ರೆ ಆಯ್ತಾ?"

"ಇಲ್ಲ ಬಿಡಿ ಅಮ್ಮ. ನಿಜ ಹೇಳೋಕೆ ಏನ್ ಕಷ್ಟ ನಿಮಗೆ?"

ಅಕ್ಕಯಮ್ಮ ಬಳೆ ತಿರುಗಿಸುತ್ತ ನಿಂತಳು. "ಬಾಗಿಲ ಹಿಂದೆ ಇದ್ದಾಗ ಎಲ್ಲಾನೂ ನಂದೇ. ಮುಂದೆ ಬಂದ್ರೆ ಬಾಯೇ ಬರಲ್ಲ ಕಣೇ. ಅವರ ಮೀಸೆ ನೋಡಿದ್ರೆ ಪಾಪ ಅನ್ಸುತ್ತೆ. ಮುಂದಿನ ಸಲ ಹೇಳ್ತೀನಿ. ಖಂಡಿತ."

*

ಸಂಜೆ, ದೇಹ ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಮಣ್ಣು ಮಾಡಿ ಸ್ನಾನ ಮುಗಿಸಿದ ಚನ್ನರಾಯಪ್ಪ ಮತ್ತೆ ಕುರ್ಚಿಗೆ ಬಂದಿದ್ದರು. ಪದ್ಮಶ್ರೀ ಟ್ಯಾಬ್ ತೆಗೆದು, 'ಉತ್ತರಿಸುವವರು ಮರಣ ಹೊಂದಿದ್ದಾರೆ' ಎಂಬಲ್ಲಿ ಬೆರಳಿಡಲು ಹೋದಳು. ಒತ್ತಿದರೆ ಈ ಮನೆಯ ಲೆಕ್ಕ ಮುಗಿಯುತ್ತದೆ.

"ಏನದು ಮೇಡಂ?"

"ಅಮ್ಮನ ಹೆಸರು ಮುಚ್ತಿದೀನಿ ಯಜಮಾನ್ರೇ. ಅವರಿಲ್ಲ ಅಂತ."

"ಮುಚ್ಚಬೇಡಿ. ನಾಲ್ಕು ವರ್ಷದಿಂದ ಕಾಯ್ತಿದ್ಲು. ಕೇಳಿ."

"ಮನೆಯ ಇನ್ನೊಬ್ಬ ಹೆಣ್ಣುಮಗಳು ಉತ್ತರ ಕೊಡಬಹುದು ಅಂತ ನಿಯಮ ಇದೆ. ಆದ್ರೆ ಇವತ್ತು ಬೇಡ..."

"ಇವತ್ತೇ ಕೇಳಿ," ಎಂದರು ಚನ್ನರಾಯಪ್ಪ. ಒಳಗೆ ತಿರುಗಿ, "ಮುನಿಲಕ್ಷ್ಮೀ, ಈಚೆ ಬಾರಮ್ಮ."

ಬಾಗಿಲ ಹಿಂದಿನಿಂದ ಮುನಿಲಕ್ಷ್ಮಿ ಬಂದಳು. ಅವರು ಎದ್ದು ಕುರ್ಚಿ ತೋರಿಸಿದರು. ಮಾವನ ಎದುರು ಕೂರಲಾರದೆ ಅವಳು ನಿಂತೇ ಇದ್ದಳು. ಚನ್ನರಾಯಪ್ಪ ಮತ್ತೇನೂ ಹೇಳದೆ, ಮೊಣಕಾಲು ಹಿಡಿದುಕೊಂಡು ಹೊಸಿಲು ದಾಟಿ ಒಳಗೆ ಹೋದರು. ಬಾಗಿಲ ಹಿಂದೆ ಅವರು ನೆಲಕ್ಕೆ ಕೂತ ಸದ್ದಾಯಿತು.

ಆಗ ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಪಕ್ಕದ ಹುಳದ ಮನೆಯಲ್ಲಿ ಸಾವಿರಾರು ಹುಳಗಳು ಸದ್ದಿಲ್ಲದೆ ತಮ್ಮ ಸುತ್ತ ಬಿಳಿ ಗೋಡೆ ಕಟ್ಟಿಕೊಳ್ಳುತ್ತಿದ್ದವು. ಪದ್ಮಶ್ರೀ ಉಳಿದ ಪ್ರಶ್ನೆಗಳನ್ನೆಲ್ಲ ಬಿಟ್ಟು ಇಪ್ಪತ್ತೇಳಕ್ಕೇ ಬಂದಳು.

"ಈ ಮನೆಯಲ್ಲಿ ನಿರ್ಧಾರ ಯಾರದು?"

ಮುನಿಲಕ್ಷ್ಮಿ ಅಂಗೈ ನೋಡಿಕೊಂಡಳು. ಆಮೇಲೆ, ತನಗೇ ಗೊತ್ತಿಲ್ಲದ ಹಾಗೆ, ತಲೆಯನ್ನು ಒಂದು ಗೇಣು ಬಾಗಿಲ ಕಡೆ ವಾಲಿಸಿದಳು.

"ನಂದು ಅಂತ ಹೇಳ್ಲಾ ಮಾವ?"

ಒಳಗೆ ದೀಪ ಅಲುಗಿತು. ಬಾಗಿಲ ಹಿಂದೆ, ಮುದುಕನ ಮುಷ್ಟಿಯಲ್ಲಿ, ಎಣ್ಣೆ ಹತ್ತಿದ ಎರಡು ಸವೆದ ಬಳೆಗಳು ಒಂದೇ ಒಂದು ಸಲ ಘಲ್ ಎಂದವು.